ಮಕ್ಕಳಿಗೆ ಮೊದಲು ಹುಲ್ಲಿನ ಪಾಠ



ಪ್ರತಿ ಜುಲೈ ತಿಂಗಳು ವನಮಹೋತ್ಸವ ಬರುತ್ತದೆ. ಎಷ್ಟೋ ಶಾಲೆಗಳಲ್ಲಿ ಮಕ್ಕಳ ಕೈಗೆ ಗುಲ್‌ಮೊಹರ್ ಸಸಿ ಕೊಟ್ಟು ನೆಡಿಸುತ್ತಾರೆ. ಅದು ಮಡಗಾಸ್ಕರ್ ದ್ವೀಪದ ಮರ. ಅದರ ನೆರಳಿಗೆ ನನ್ನ ತಕರಾರಿಲ್ಲ. ಆದರೆ ಕಾಂಗೇಯಂ, ಧಾರಾಪುರಂ ಕಡೆಯ ರೈತರ ಮಕ್ಕಳು ಮನೆಯ ದನ ತಿನ್ನುವ ಹುಲ್ಲಿನ ಹೆಸರೇ ತಿಳಿಯದೆ ಹತ್ತನೇ ತರಗತಿ ಮುಗಿಸುವುದು ಸರಿಯೇ?

ಈ ಒಣಸೀಮೆಯಲ್ಲಿ ಹಿರಿಯರು ಉಳಿಸಿಕೊಂಡು ಬಂದದ್ದು ಕೊರಂಗಾಡು ಎಂಬ ಮೇವಿನ ಹೊಲ. ಸುತ್ತಲೂ ಮುಳ್ಳುಕಿಳುವೆಯ ಜೀವಂತ ಬೇಲಿ, ನೆಲದ ತುಂಬ ಕೊಳುಕ್ಕಟ್ಟೆ ಹುಲ್ಲು, ಅಲ್ಲಲ್ಲಿ ವೆಳ್ವೇಲ, ಅಂದರೆ ನಮ್ಮ ಬಿಳಿಜಾಲಿ. ಬೇಸಿಗೆಯಲ್ಲಿ ಅದರ ಕಾಯಿಯೇ ಕುರಿಗಳಿಗೆ ಆಹಾರ. ಕಾಂಗೇಯಂ ತಳಿಯ ಎತ್ತು ಬೆಳೆದದ್ದು ಇಂಥ ಹೊಲಗಳಲ್ಲಿ. ಈಗ ಅನೇಕ ಕಡೆ ಬಳ್ಳಾರಿ ಜಾಲಿ ಅದನ್ನು ನುಂಗುತ್ತಿದೆ. ಕುರಿ ದನಗಳು ಅದರ ಕಾಯಿ ತಿಂದು ಸಗಣಿ ಹಿಕ್ಕೆಗಳಲ್ಲಿ ಬೀಜ ಹರಡುತ್ತವೆ. ಎರಡು ಜಾಲಿಗಳಿಗೂ ಮುಳ್ಳಿದೆ. ಯಾವುದು ನಮ್ಮದು, ಯಾವುದು ಹೊರಗಿನದು ಎಂದು ಬೇರ್ಪಡಿಸಿ ನೋಡುವುದೇ ಮಕ್ಕಳ ಮೊದಲ ಪಾಠವಾಗಲಿ. ಕುರಿ ಕಾಯ್ದ ಅಜ್ಜ ಅಜ್ಜಿಯರಿಗಿಂತ ಉತ್ತಮ ಶಿಕ್ಷಕರು ಇದಕ್ಕೆ ಸಿಗಲಾರರು.

ಮರ ನೆಡುವುದೊಂದೇ ಪರಿಸರ ಪಾಠವೆಂಬ ಭಾವನೆ ಎಲ್ಲೆಡೆ ಸಲ್ಲದು. ಕೊಯಮತ್ತೂರು ಜಿಲ್ಲೆಯ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನವರು 2000ದ ದಶಕದ ಆರಂಭದಿಂದ ಮಳೆಕಾಡಿನದೇ ಜಾತಿಯ ಸಸಿಗಳನ್ನು ಬೆಳೆಸಿ ನೆಡುತ್ತಾ ಬಂದಿದ್ದಾರೆ. ಅಲ್ಲಿ ಅದು ತಕ್ಕದ್ದು. ಅದು ಮರದ ಸೀಮೆ. ನಮ್ಮ ಬಯಲು ಹುಲ್ಲಿನ ಸೀಮೆ. ಇಲ್ಲಿ ಒತ್ತೊತ್ತಾಗಿ ಮರ ನೆಟ್ಟರೆ ನೆರಳಿಗೆ ಹುಲ್ಲು ಸೊರಗುತ್ತದೆ.

ಆದುದರಿಂದ ಶಾಲೆಯ ಸಮೀಪ ಹೊಲವಿರುವವರು ಕಾಲು ಎಕರೆ ಪಾಳು ಕೊರಂಗಾಡನ್ನು ಎರಡು ವರ್ಷ ಮಕ್ಕಳಿಗೆ ಬಿಟ್ಟುಕೊಡಿರೆಂದು ಕೇಳುತ್ತೇನೆ. ಎರಡು ವರ್ಷವೇಕೆ? ಕೊಳುಕ್ಕಟ್ಟೆಯ ಹೊಸ ಬೀಜ ಕೂಡಲೇ ಸರಿಯಾಗಿ ಮೊಳೆಯುವುದಿಲ್ಲ. ಮಕ್ಕಳು ಅದನ್ನು ಕೈಯಿಂದ ಆಯ್ದು, ಒಣಗಿಸಿ, ಚೀಲದಲ್ಲಿಟ್ಟು, ಮುಂದಿನ ಮಳೆಗೆ ಮೇಲುಮೇಲೆ ಬಿತ್ತಬೇಕು. ಆಳಕ್ಕೆ ಹೋದರೆ ಬಾರದು. ಬೇಲಿಯ ತೆರಪಿಗೆ ಕಿಳುವೆಯ ಕಡ್ಡಿ ನೆಟ್ಟರೆ ಸಾಕು, ಚಿಗುರುತ್ತದೆ. ಬಳ್ಳಾರಿ ಜಾಲಿಯ ಎಳೆ ಸಸಿಗಳನ್ನು ನೆಲ ಹಸಿಯಿರುವಾಗ ಬೇರುಸಹಿತ ಕೀಳಬಹುದು. ಬೆಳೆದ ಗಿಡ ಕಡಿದರೆ ಮತ್ತೆ ಚಿಗುರುತ್ತದೆ. ಬುಡ ಕೀಳುವ ಆ ಕೆಲಸ ದೊಡ್ಡವರದು.

ಆರೋಗ್ಯದ ಮಾತೂ ಇದೆ. ಕಾಂಗ್ರೆಸ್ ಗಿಡವನ್ನು ಮಕ್ಕಳು ಬರಿಗೈಯಲ್ಲಿ ಮುಟ್ಟಬಾರದು. ಚರ್ಮದಲ್ಲಿ ತುರಿಕೆ, ಕೆಲವರಿಗೆ ಉಬ್ಬಸ ಬರುತ್ತದೆ. ಕಾಲಿಗೆ ಚಪ್ಪಲಿಯಲ್ಲ, ಶೂ ಇರಲಿ. 10 ಮತ್ತು 16ನೇ ವಯಸ್ಸಿನ ಧನುರ್ವಾಯು ಲಸಿಕೆ ಆಗಿದೆಯೇ ಎಂದು ತಾಯಂದಿರು ಮೊದಲೇ ನೋಡಿಕೊಳ್ಳಬೇಕು.

ಹುಲ್ಲು ಬೇರೂರುವ ತನಕ ಕುರಿಗಳನ್ನು ಒಳಗೆ ಬಿಡಲಾಗದು. ಒಂದು ವರ್ಷದ ಮೇವು ಕೈತಪ್ಪುವುದು ಸಣ್ಣ ರೈತನಿಗೆ ಸಣ್ಣ ಮಾತಲ್ಲ ಎಂದು ಬಲ್ಲೆ. ಆದರೆ ಬಳ್ಳಾರಿ ಜಾಲಿ ಮುಚ್ಚಿದ ಕಾಲು ಎಕರೆ ಈಗ ಕೊಡುವ ಮೇವಾದರೂ ಎಷ್ಟು? ಮನಸ್ಸುಳ್ಳವರು ಐಪ್ಪಸಿ ಮಳೆ ಹಿಡಿಯುವ ಮುಂಚೆ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯರೊಡನೆ ಮಾತನಾಡಿರಿ.