ರೈಡರ್‌ಗೆ ನೋಟು, ಹಿಡಿದವರಿಗೆ ಚಪ್ಪಾಳೆ

ವಿಜಯಪುರ ನಗರದಲ್ಲಾಗಲಿ, ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಗ್ರಾಮಗಳಲ್ಲಾಗಲಿ ಜಾತ್ರೆ-ಉತ್ಸವಗಳ ನಿಮಿತ್ತ ನಡೆಯುವ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಿಗೆ ಹಣ ಒದಗಿಸುವವರಲ್ಲಿ ವರ್ತಕ ಬಾಂಧವರದೇ ದೊಡ್ಡ ಪಾಲು. ಅಡತ ಅಂಗಡಿ, ಒಣದ್ರಾಕ್ಷಿ ವ್ಯಾಪಾರ, ಗೊಬ್ಬರ-ಔಷಧದ ಮಳಿಗೆ, ಸಣ್ಣ ಕಾರ್ಖಾನೆ: ಕರಪತ್ರದ ಕೆಳಗೆ ಅಚ್ಚಾಗುವ ಹೆಸರುಗಳು ಇವೇ. ಪ್ರಥಮ, ದ್ವಿತೀಯ ಬಹುಮಾನಗಳ ಜೊತೆಗೆ ಪಂದ್ಯ ನಡೆಯುತ್ತಿರುವಾಗಲೇ ಧ್ವನಿವರ್ಧಕದಲ್ಲಿ ಸಾರುವ ನೂರು, ಐನೂರು ರೂಪಾಯಿಗಳ ಸ್ಥಳದ ಬಹುಮಾನಗಳೂ ಇರುತ್ತವೆ. ಅವು ಯಾರ ಕೈ ಸೇರುತ್ತವೆ ಎಂಬುದನ್ನು ಸದಸ್ಯರು ಒಮ್ಮೆ ಗಮನಿಸುವುದು ಒಳ್ಳೆಯದು. ಬಹುಪಾಲು ಅವು ರೈಡರ್‌ಗೇ ಹೋಗುತ್ತವೆ. ರೈಡರ್‌ನನ್ನು ಕೆಡವಿದವರಿಗೆ ಚಪ್ಪಾಳೆ ಸಿಗುತ್ತದೆ, ಅಷ್ಟೇ.

ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಒಬ್ಬನು ಏಳು ಜನರ ನಡುವೆ ಹೊಕ್ಕು ಮುಟ್ಟಿ ಮರಳುವುದು ಕಣ್ಣಿಗೆ ಕಟ್ಟುವ ದೃಶ್ಯ. ಹಿಡಿತವಾದರೋ ಧೂಳಿನಲ್ಲಿ ನಡೆದುಹೋಗುತ್ತದೆ. ಮೊದಲು ಕಾಲು ಹಿಡಿದವನಾರು, ದಾರಿ ಕಟ್ಟಿದವನಾರು ಎಂಬುದು ಹಗ್ಗದಾಚೆ ಕುಳಿತವರಿಗೆ ತಿಳಿಯುವುದೇ ಇಲ್ಲ. ಆದರೆ ಹಣ ಎತ್ತ ಹರಿಯುವುದೋ ಆಟವೂ ಅತ್ತಲೇ ವಾಲುತ್ತದೆ. ಊರಿನ ಪ್ರತಿ ಹುಡುಗನೂ ರೈಡರ್ ಆಗಬಯಸುತ್ತಾನೆ. ಕಾರ್ನರ್‌ನಲ್ಲಿ ನಿಲ್ಲಲು ಯಾರೂ ಮುಂದೆ ಬರುವುದಿಲ್ಲ.

ಕಬಡ್ಡಿಯ ಲೆಕ್ಕಾಚಾರವನ್ನು ವ್ಯಾಪಾರಸ್ಥರು ಬೇಗ ಗ್ರಹಿಸಬಲ್ಲರು. ಮುಟ್ಟಿ ಗಳಿಸಿದ ಅಂಕಕ್ಕೂ, ಹಿಡಿದು ಗಳಿಸಿದ ಅಂಕಕ್ಕೂ ತಂಡದ ಒಬ್ಬ ಔಟಾದ ಆಟಗಾರ ಅಂಕಣಕ್ಕೆ ಮರಳುತ್ತಾನೆ. ಬೋನಸ್ ಅಂಕಕ್ಕೆ ಈ ಫಲವಿಲ್ಲ. ತಂಡದ ಪ್ರಮುಖ ರೈಡರ್ ಸಿಕ್ಕಿಬಿದ್ದು ಹೊರಗೆ ಕುಳಿತನೆನ್ನಿ. ಆತ ಎಷ್ಟೇ ಸಮರ್ಥನಾಗಿರಲಿ, ಉಳಿದವರು ಮುಟ್ಟಿ ಇಲ್ಲವೇ ಹಿಡಿದು ಅಂಕ ತರುವವರೆಗೆ ಅವನ ಸಾಮರ್ಥ್ಯವೆಲ್ಲ ಬೀಗ ಹಾಕಿದ ಗೋದಾಮಿನ ಸರಕು. ಇತ್ತ ಎದುರಾಳಿಗಳು ಒಬ್ಬೊಬ್ಬರನ್ನೇ ಹೊರಗಟ್ಟಿ ಏಳೂ ಜನರನ್ನು ಮುಗಿಸಿದರೆ ಅವರಿಗೆ ಲೋನಾದ 2 ಅಂಕ ಹೆಚ್ಚುವರಿ. ಬರೀ ಮಾರಾಟದ ಬೆನ್ನುಹತ್ತಿ ಉದ್ರಿ ವಸೂಲಿಯನ್ನು ಮರೆತ ಅಂಗಡಿಯ ಸ್ಥಿತಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಿಡಿತದ ವ್ಯೂಹದಲ್ಲಿ ಎರಡು ತುದಿಗಳಲ್ಲಿ ಕಾರ್ನರ್‌ಗಳು, ನಡುವೆ ಕವರ್‌ಗಳು ಕೈಕೈ ಹಿಡಿದು ನಿಲ್ಲುತ್ತಾರೆ. ಕಾರ್ನರ್ ಕಣಕಾಲಿಗೆ ಕೈಹಾಕಿದ ಕ್ಷಣದಲ್ಲೇ ಕವರ್ ಮಧ್ಯರೇಖೆಯ ದಾರಿ ಮುಚ್ಚಬೇಕು. ಅರೆಕ್ಷಣ ತಡವಾದರೆ ಹಿಡಿದವನೂ ಔಟ್, ನೆರವಿಗೆ ಬಂದು ಮುಟ್ಟಿದವನೂ ಔಟ್. ಅವಸರದ ಹಿಡಿತದಿಂದ ತಂಡಗಳು ಕಳೆದುಕೊಳ್ಳುವ ಅಂಕಗಳು ಕಡಿಮೆಯೇನಲ್ಲ. ಆದ್ದರಿಂದ ಚುರುಕಾದ ತಂಡ ಕಾಯುತ್ತದೆ: ಎದುರಾಳಿಯ ಎರಡು ರೈಡ್‌ಗಳನ್ನು ಬರಿದಾಗಿ ಕಳುಹಿಸಿ, ಅಂಕ ತರದಿದ್ದರೆ ಔಟೆಂಬ ನಿಯಮವಿರುವ ಮೂರನೆಯ ರೈಡ್‌ನಲ್ಲಿ ಬಲೆ ಬೀಸುತ್ತದೆ. ಅಂಕಣದಲ್ಲಿ ಮೂವರೇ ಉಳಿದಾಗ ಹಿಡಿದರೆ ಒಂದು ಅಂಕ ಹೆಚ್ಚು ಸಿಗುವುದರಿಂದ, ಸೋಲುತ್ತಿರುವ ತಂಡಕ್ಕೂ ಹಿಡಿತವೇ ಚೇತರಿಕೆಯ ದಾರಿ.

ಒಬ್ಬ ರೈಡರ್ ಪಂದ್ಯ ಗೆಲ್ಲಿಸಲಾರನೆಂದಲ್ಲ. 2019ರ ಜನವರಿ 5ರಂದು ಪ್ರೊ ಕಬಡ್ಡಿಯ ಆರನೆಯ ಆವೃತ್ತಿಯ ಅಂತಿಮ ಪಂದ್ಯದಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38-33ರಿಂದ ಮಣಿಸಿದಾಗ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. ಅದೇ ಪವನ್ ಅವರನ್ನು 2023ರ ಹರಾಜಿನಲ್ಲಿ ತೆಲುಗು ಟೈಟನ್ಸ್ 2 ಕೋಟಿ 60 ಲಕ್ಷ ರೂಪಾಯಿಗೂ ಮಿಗಿಲಾದ ಬೆಲೆಗೆ ಕೊಂಡಿತು. ಆ ಸಾಲಿನ 22 ಪಂದ್ಯಗಳಲ್ಲಿ ತಂಡ ಗೆದ್ದದ್ದು ಎರಡೇ, ಕೊನೆಯ ಸ್ಥಾನ. ದೋಷ ರೈಡರ್‌ನದಲ್ಲ. ಅದೇ ಹರಾಜಿನಲ್ಲಿ ಪುಣೇರಿ ಪಲ್ಟನ್, ಹಿಡಿತಕ್ಕೆ ಹೆಸರಾದ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಅವರಿಗೆ 2 ಕೋಟಿ 35 ಲಕ್ಷ ತೆತ್ತು, ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ 2024ರ ಮಾರ್ಚ್‌ನಲ್ಲಿ ಪ್ರಶಸ್ತಿ ಗೆದ್ದಿತು. ಮುಂದಿನ ಆವೃತ್ತಿಗೆ ಶಾದ್ಲೂಯಿ ಅವರನ್ನು ಕೊಂಡ ಹರಿಯಾಣ ಸ್ಟೀಲರ್ಸ್ ಕೂಡ ಪ್ರಶಸ್ತಿ ಪಡೆಯಿತು. ಪೇಟೆ ಹಿಡಿತಕ್ಕೂ ಬೆಲೆ ಕಟ್ಟಲು ಕಲಿತಿದೆ. ಕಬಡ್ಡಿ ಸೇರ್ಪಡೆಯಾದ 1990ರಿಂದಲೂ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಬಿಟ್ಟುಕೊಡದಿದ್ದ ಭಾರತದ ಪುರುಷರ ತಂಡ 2018ರ ಜಕಾರ್ತದಲ್ಲಿ ಇರಾನ್ ಎದುರು 18-27ರಿಂದ ಸೋತದ್ದೂ ಇಂತಹ ಬಿಗಿ ಹಿಡಿತದ ತಂಡದೆದುರೇ.

ನಮ್ಮ ಭಾಗದ ತಂಡಗಳಲ್ಲಿ ಹಿಡಿತ ಸೊರಗಲು ಬಹುಮಾನವೊಂದೇ ಕಾರಣವಲ್ಲ. ರೈಡ್ ಮಾಡುವುದನ್ನು ಹುಡುಗನೊಬ್ಬ ಒಂಟಿಯಾಗಿಯೂ ಬಹುಮಟ್ಟಿಗೆ ಕಲಿಯಬಲ್ಲ. ಸರಪಳಿ ಹಿಡಿತಕ್ಕೆ ಅದೇ ಏಳು ಜನ ತಿಂಗಳುಗಟ್ಟಲೆ ಒಟ್ಟಿಗೆ ಆಡಬೇಕು. ಆದರೆ ತಿಕೋಟಾ-ಬಬಲೇಶ್ವರ ಭಾಗದ ಯುವಕರಲ್ಲಿ ಅನೇಕರು ಅಕ್ಟೋಬರ್ ಚಾಟ್ನಿಯ ಹೊತ್ತಿಗೆ ದ್ರಾಕ್ಷಿ ಪಡಗಳಲ್ಲಿ, ಬೇಸಿಗೆ ಬಂದರೆ ಒಣದ್ರಾಕ್ಷಿ ಶೆಡ್‌ಗಳಲ್ಲಿ ದುಡಿಯುವವರು. ಪಂದ್ಯಾವಳಿಯ ಹಿಂದಿನ ಸಂಜೆ ಕೂಡಿದ ಏಳು ಜನ ತಂಡವಾಗುವುದಿಲ್ಲ. ಅಭ್ಯಾಸವಿಲ್ಲದೆ ಗಟ್ಟಿ ನೆಲದ ಮೇಲೆ ಮೈಯೊಡ್ಡಿ ಹಿಡಿಯಲು ಹೋದವನು ಮೊಣಕಾಲು ಮುರಿದುಕೊಂಡರೆ ಮುಂದಿನ ಹಂಗಾಮಿನ ಕೂಲಿಯೂ ಹೋಯಿತು. ಪಂದ್ಯ ಮುಗಿದ ಮೇಲೆ ಅವನ ಮನೆಯ ಲೆಕ್ಕ ಕೇಳುವವರು ಯಾರೂ ಇಲ್ಲ.

ಆದುದರಿಂದ ಪ್ರಾಯೋಜಕರಾದ ಸದಸ್ಯರು ಹೆಚ್ಚು ಹಣ ಕೊಡಬೇಕಾಗಿಲ್ಲ. ಕೊಡುವ ಬಗೆಯನ್ನು ಬದಲಿಸಿದರೆ ಸಾಕು. ಸ್ಥಳದ ಬಹುಮಾನದಲ್ಲಿ ಅರ್ಧ ಹಿಡಿತಕ್ಕಿರಲಿ, ಅದೂ ಕಾಲು ಹಿಡಿದವನೊಬ್ಬನಿಗಲ್ಲ, ಆ ಹೊತ್ತು ಅಂಕಣದಲ್ಲಿದ್ದ ಎಲ್ಲರಿಗೂ ಸೇರಿ. ಒಂದು ರಾತ್ರಿಯ ಮಂಟಪ, ಧ್ವನಿವರ್ಧಕ, ಹಾರ-ತುರಾಯಿಗಳ ವೆಚ್ಚದಿಂದ ಒಂದು ಪಾಲನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಭ್ಯಾಸಕ್ಕೆ ತೆಗೆದಿಡಬಹುದು. ದ್ರಾಕ್ಷಿ ಕೆಲಸದ ಒತ್ತಡ ಆಗ ತುಸು ಇಳಿದಿರುತ್ತದೆ. ಮೂರೂ ಊರುಗಳ ವರ್ತಕರು ಕೂಡಿ ಒಂದು ಮ್ಯಾಟ್ ಅಂಕಣ ಕೊಂಡು ಸರದಿಯಂತೆ ಬಳಸಿದರೂ ಆದೀತು. ಮೇಲ್ಮಟ್ಟದ ಪಂದ್ಯಗಳೆಲ್ಲ ಮ್ಯಾಟ್ ಮೇಲೆಯೇ ನಡೆಯುತ್ತಿರುವಾಗ, ಮಣ್ಣಿನಲ್ಲಷ್ಟೇ ಪಳಗಿದ ಹುಡುಗ ಆಯ್ಕೆಯ ದಿನ ಬೂಟು ತೊಟ್ಟು ಜಾರುವುದು ತಪ್ಪುತ್ತದೆ. ಗಾಯಗೊಂಡವನ ಚಿಕಿತ್ಸೆಗೆಂದು ಪಂದ್ಯಾವಳಿ ಸಮಿತಿಯ ಬಳಿ ಮೊದಲೇ ಒಂದು ಮೊತ್ತ ಠೇವಣಿ ಇರಬೇಕೆಂಬ ಷರತ್ತನ್ನು, ದೇಣಿಗೆಯ ಪಾವತಿ ಹರಿಯುವ ಮುನ್ನವೇ ಹಾಕಬೇಕು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬರುತ್ತದೆ. ಅದರ ಹಿಂದೆಯೇ ದೇಣಿಗೆ ಕೇಳಲು ಹುಡುಗರು ಅಂಗಡಿಗೆ ಬರುತ್ತಾರೆ.