ಲೀಟರ್ ಲೆಕ್ಕ ಬಿಡಿ, ಪ್ಯಾಂಟಿನ ಲೆಕ್ಕ ಹಿಡಿಯಿರಿ

ನಮ್ಮೂರು ಸಿರುಗುಪ್ಪ. ಭತ್ತಕ್ಕೆ ಹುಳ ಬಿದ್ದರೆ ನಮ್ಮಲ್ಲಿ ಹೆಚ್ಚಿನವರು ಸೀದಾ ಔಷಧಿ ಅಂಗಡಿಗೇ ಹೋಗೋದು. ರೋಗ ಯಾವುದು, ಎಷ್ಟು ಹೊಡೀಬೇಕು, ಎರಡನ್ನೂ ಹೇಳುವವನು ಮಾರುವವನೇ. ಹೆಚ್ಚು ಹೊಡೆದಷ್ಟೂ ಅವನಿಗೆ ಲಾಭ. ಇದನ್ನು ರೈತರ ಅಜ್ಞಾನ ಅಂತ ಬೆಂಗಳೂರಿನ ಕೆಫೆಯಲ್ಲಿ ಕೂತು ಮರುಗುವವರಿಗೆ ಒಂದು ಮಾತು: ನೀವು ತೊಟ್ಟ ಜೀನ್ಸ್ ಕೂಡ ಇದೇ ಲೆಕ್ಕದಲ್ಲಿ ತೊಳೆದು ಬಂದಿರಬಹುದು.

ಹೋದ ದೀಪಾವಳಿಗೆ ಬಳ್ಳಾರಿಯಲ್ಲಿ ಚಿಕ್ಕಪ್ಪನ ಸಣ್ಣ ವಾಷಿಂಗ್ ಯೂನಿಟ್‌ಗೆ ಹೋಗಿದ್ದೆ. ಬಟ್ಟೆಯ ಗಂಜಿ ತೆಗೆಯಲು ಎನ್‌ಜೈಮ್, ಬಣ್ಣ ಇಳಿಸಲು ಬ್ಲೀಚ್, ತೊಡೆಯ ಹತ್ತಿರ ಸವೆದಂತೆ ಕಾಣಲು ಪೊಟ್ಯಾಷಿಯಂ ಪರ್ಮಾಂಗನೇಟ್. "ಬ್ಲೀಚ್ ಎಷ್ಟು ಹಾಕ್ತೀರಿ ಚಿಕ್ಕಪ್ಪಾ?" ಅಂದೆ. ಪ್ಲಾಸ್ಟಿಕ್ ಮಗ್ ತೋರಿಸಿದರು. "ಕಲರ್ ಇಳೀಲಿಲ್ಲ ಅಂದ್ರೆ ಇನ್ನೊಂದು ಮಗ್." ಅಳತೆ ಹೇಳಿಕೊಟ್ಟವನು ಯಾರು? ಬ್ಲೀಚ್ ತಂದು ಇಳಿಸುವವನೇ. ಜಾಸ್ತಿಯಾದ ಬ್ಲೀಚನ್ನು ಸಾಯಿಸಲು ಇನ್ನೊಂದು ಕೆಮಿಕಲ್ ಬೇಕು. ಅದನ್ನು ಮಾರುವವನೂ ಅವನೇ!

ತಮಾಷೆ ನೋಡಿ. ಚಿಕ್ಕಪ್ಪನಿಗೆ ದುಡ್ಡು ಬರೋದು ಪೀಸಿನ ಲೆಕ್ಕದಲ್ಲಿ. ಕೆಮಿಕಲ್ ಮಾತ್ರ ಲೀಟರ್, ಕಿಲೋ ಲೆಕ್ಕದಲ್ಲಿ. ಒಂದು ಮಗ್ ಹೆಚ್ಚಾದರೆ ಚಿಕ್ಕಪ್ಪನಿಗೆ ನಷ್ಟ, ಕೆಲಸಗಾರನ ಕಣ್ಣಿಗೆ ಉರಿ, ಚರಂಡಿಗೆ ವಿಷ, ಸಪ್ಲೈಯರ್‌ಗೆ ವ್ಯಾಪಾರ.

ಇದನ್ನು ತಿರುವಿ ಹಾಕುವ ಪದ್ಧತಿಯೇ ಕೆಮಿಕಲ್ ಮ್ಯಾನೇಜ್‌ಮೆಂಟ್ ಸರ್ವಿಸ್. ಸಪ್ಲೈಯರ್ ಡ್ರಮ್ ಮಾರುವುದಿಲ್ಲ, ಕೆಲಸ ಮಾರುತ್ತಾನೆ. ಶೇಡ್ ಪಾಸಾದ ಪ್ಯಾಂಟಿಗೆ ಇಂತಿಷ್ಟು. ಕಡಿಮೆ ಬಳಸಿದರೆ ಉಳಿತಾಯ ಅವನದು, ರಿಜೆಕ್ಟ್ ಆದರೆ ನಷ್ಟವೂ ಅವನದು. ಆಗ ನೋಡಿ, ಮಗ್ ಹೋಗಿ ತಕ್ಕಡಿ ಬರುತ್ತದೆ. ಇದು ಕನಸಲ್ಲ. ವಿಶ್ವಸಂಸ್ಥೆಯ ಯುನಿಡೊ 2004ರಿಂದ ಇದನ್ನೇ 'ಕೆಮಿಕಲ್ ಲೀಸಿಂಗ್' ಅಂತ ಹರಡುತ್ತಿದೆ. ಈಜಿಪ್ಟಿನ ಜನರಲ್ ಮೋಟಾರ್ಸ್ ಘಟಕ ಸಾಲ್ವೆಂಟಿಗೆ ಲೀಟರ್ ಬದಲು ವಾಹನದ ಲೆಕ್ಕದಲ್ಲಿ ದುಡ್ಡು ಕೊಟ್ಟು ಇದನ್ನು ಮಾಡಿ ತೋರಿಸಿತು.

"ಅದೆಲ್ಲ ದೊಡ್ಡೋರಿಗಪ್ಪಾ. ನನಗೆ ಉದ್ರಿ ಯಾರು ಕೊಡ್ತಾರೆ?" ಅಂದರು ಚಿಕ್ಕಪ್ಪ. ನಿಜವಾದ ಗಂಟು ಇದೇ. ಹಳೇ ಬಾಕಿ ಇರುವವನು ಸಪ್ಲೈಯರ್‌ಗೆ ಎದುರು ಮಾತಾಡೋದು ಹೇಗೆ? ಆದರೆ ಪ್ಯಾಂಟ್ ಪಾಸಾದ ಮೇಲೆ ದುಡ್ಡು ಕೊಡೋದು ಅಂದರೆ ಉದ್ರಿ ಅದರೊಳಗೇ ಇದೆ. ಒಬ್ಬರಿಗೆ ಆಗದಿದ್ದರೆ ಹತ್ತು ಯೂನಿಟ್‌ನವರು ಕೂಡಿ ಒಂದೇ ಕರಾರು ಮಾಡಿಕೊಳ್ಳಲಿ.

ಆಫೀಸಿನಲ್ಲಿ ಸರ್ವರ್ ಕೊಳ್ಳೋದು ಬಿಟ್ಟು, ಬಳಸಿದಷ್ಟಕ್ಕೆ ಬಿಲ್ ಕಟ್ಟೋದನ್ನು ನಾವೆಲ್ಲ ಕಲಿತಾಗಿದೆ. ನಿಮ್ಮಲ್ಲಿ ಬಟ್ಟೆ ಬ್ರ್ಯಾಂಡ್‌ಗಳ ಸೋರ್ಸಿಂಗ್ ವಿಭಾಗದಲ್ಲಿ ಕೂತವರೂ ಇದ್ದೀರಿ. ಸಸ್ಟೈನಬಿಲಿಟಿ ಅಂತ ಸ್ಲೈಡ್ ಮಾಡೋದು ಸಾಕು. ಮುಂದಿನ ಆರ್ಡರ್ ಕೊಡುವಾಗ ಒಂದೇ ಪ್ರಶ್ನೆ ಕೇಳಿ: ನಿಮ್ಮ ಕೆಮಿಕಲ್‌ನವನಿಗೆ ದುಡ್ಡು ಲೀಟರಿಗೋ, ಪ್ಯಾಂಟಿಗೋ?