ನನ್ನ ಟೇಸ್ಟೇ ಹೀಗೆ ಅನ್ನೋರಿಗೆ

'ನನ್ನ ಟೇಸ್ಟೇ ಹೀಗೆ ಬಿಡಿ' ಅಂದುಬಿಟ್ಟರೆ ಅಲ್ಲಿಗೆ ಮಾತು ಮುಗೀತು. ರುಚಿ ಹುಟ್ಟುತ್ತಲೇ ಬಂದದ್ದು, ಇನ್ನು ಬದಲಾಗಲ್ಲ ಅನ್ನೋ ಧಾಟಿ. ನನಗಿದು ಒಪ್ಪಿಗೆಯಿಲ್ಲ. ಹಾಗಲಕಾಯಿ ಗೊಜ್ಜು ಇಷ್ಟವಾಗೋಕೆ ನಮಗೆಲ್ಲ ಎಷ್ಟು ವರ್ಷ ಬೇಕಾಯ್ತು ಹೇಳಿ?

ಊರು ಬಿಟ್ಟವರಲ್ಲಿ ಈ ಕಾಯಿಲೆ ಜಾಸ್ತಿ. ವಿಮಾನ ಹತ್ತಿದ ವರ್ಷಕ್ಕೇ ನಮ್ಮ ಗಡಿಯಾರ ನಿಂತುಬಿಡುತ್ತೆ. ಲಂಡನ್ನಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಕಾಲೇಜು ದಿನಗಳ ಅದೇ ಹತ್ತು ಹಾಡು, ಅದೇ ಡೈಲಾಗು. ಅವು ಚೆನ್ನಾಗಿಲ್ಲ ಅಂತಲ್ಲ. ಆದರೆ ಊರಲ್ಲಿ ಆಮೇಲೆ ಹುಟ್ಟಿದ್ದೂ ಬೇಡ, ಇಲ್ಲಿ ಕಣ್ಣೆದುರಿಗಿರೋದೂ ಬೇಡ ಅಂದರೆ ನಷ್ಟ ಯಾರಿಗೆ? ಆಪ್‌ಗಳು ಕಾಪಾಡ್ತವೆ ಅಂದ್ಕೋಬೇಡಿ. ನೀವು ಹಿಂದೆ ನೋಡಿದ್ದು, ನಿಮ್ಮಂಥವರು ನೋಡಿದ್ದು.. ಅವುಗಳ ಲೆಕ್ಕಾಚಾರವೆಲ್ಲ ಹೆಚ್ಚಾಗಿ ಇದರ ಮೇಲೇ ಅನ್ನೋದು ನಮ್ಮ ಕಸುಬಿನವರಿಗೆ ಗೊತ್ತಿರೋ ವಿಷಯ.

ಒಂದು ಉದಾಹರಣೆ ಕೊಡ್ತೀನಿ. ಅಮೆರಿಕದ ಕಲಾವಿದ ಮಾರ್ಕ್ ರಾತ್ಕೋ 1958ರಲ್ಲಿ ನ್ಯೂಯಾರ್ಕಿನ ದುಬಾರಿ ರೆಸ್ಟೋರೆಂಟೊಂದಕ್ಕೆ ಚಿತ್ರ ಬರೆಯಲು ಒಪ್ಪಿಕೊಂಡ. ಬರೆದ ಮೇಲೆ ಅಲ್ಲಿ ತೂಗುಹಾಕಲು ಮನಸ್ಸಾಗದೆ ವಾಪಸ್ ತೆಗೆದುಕೊಂಡ. ಅವುಗಳಲ್ಲಿ ಒಂಬತ್ತು ಚಿತ್ರಗಳು ಇಲ್ಲಿನ ಟೇಟ್ ಸಂಗ್ರಹದಲ್ಲಿವೆ. ಮನುಷ್ಯರಿಲ್ಲ, ಮರಗಿಡಗಳಿಲ್ಲ, ಕಡುಗೆಂಪು, ಕಂದು, ಕಪ್ಪು, ಅಷ್ಟೇ. ಎರಡು ನಿಮಿಷಕ್ಕೆ 'ಗೋಡೆಗೆ ಬಣ್ಣ ಬಳಿದ ಹಾಗಿದೆ' ಅನ್ನಿಸುತ್ತೆ. ನಾನು ಅವುಗಳ ಎದುರು ಅರ್ಧ ಗಂಟೆ ಕೂತಿದ್ದೇನೆ. ನಿಧಾನಕ್ಕೆ ಕೆಂಪಿನೊಳಗೆ ಇನ್ನೊಂದು ಕೆಂಪು ಕಾಣಿಸುತ್ತೆ, ಅಂಚುಗಳು ಉಸಿರಾಡಿದ ಹಾಗಾಗುತ್ತೆ. ಮುಚ್ಚಿದ ಬಾಗಿಲ ಮುಂದೆ ನಿಂತ ಹಾಗೆ ಎದೆ ಭಾರವಾಗುತ್ತೆ.

ಹಾಗಂತ ಕಂಡದ್ದನ್ನೆಲ್ಲ ಮೆಚ್ಚಬೇಕಿಲ್ಲ. ಅಷ್ಟೇ ಹೊತ್ತು ನೋಡಿದರೂ ಪಾಪ್ ಆರ್ಟ್ ನನಗೆ ಇವತ್ತಿಗೂ ಹಿಡಿಸಿಲ್ಲ. ಆದರೆ ಯಾಕೆ ಹಿಡಿಸಲಿಲ್ಲ ಅಂತ ನಾಲ್ಕು ಮಾತು ಹೇಳಬಲ್ಲೆ. ನೋಡಿ ಬೇಡ ಅನ್ನೋದು ರುಚಿ. ನೋಡದೇ ಬೇಡ ಅನ್ನೋದು ಬರೀ ಅಭ್ಯಾಸಬಲ.

ಅಭಿನವಗುಪ್ತ ಸಾವಿರ ವರ್ಷದ ಹಿಂದೆಯೇ ಇದನ್ನು ಹೇಳಿದ್ದ. ಕಾವ್ಯದ ಸತತ ಒಡನಾಟದಿಂದ ಯಾರ ಮನಸ್ಸು ಕನ್ನಡಿಯಂತೆ ತಿಳಿಯಾಗಿದೆಯೋ ಅವನೇ ಸಹೃದಯ, ಅಂತ. ಕನ್ನಡಿ ಎಲ್ಲರ ಹತ್ರಾನೂ ಇದೆ ಸ್ವಾಮಿ, ಒರೆಸೋಕೆ ಪುರುಸೊತ್ತು ಮಾಡ್ಕೋಬೇಕು ಅಷ್ಟೇ. ತಿಂಗಳಿಗೊಂದು ಪುಸ್ತಕವೋ, ಸಿನಿಮಾವೋ, ಕಛೇರಿಯೋ, 'ಇದು ನಮಗಲ್ಲ' ಅಂತ ಬದಿಗಿಟ್ಟದ್ದನ್ನೇ ಎತ್ತಿಕೊಳ್ಳಿ. ಕೊನೇತನಕ ಕೂತ್ಕೊಳ್ಳಿ. ಆಮೇಲೆ ಬೇಕಾದ್ರೆ ಚೆನ್ನಾಗಿ ಬೈಯೋಣ!